ಸೋಯಾ ಬತ್ತಿಯೊಳಗಿನ ಹುಲ್ಲುಗಾವಲು

ಕನ್ನಡದ ‘ಮೇಣದ ಬತ್ತಿ’, ಮರಾಠಿಯ ‘ಮೇಣಬತ್ತಿ’, ಹಿಂದಿಯ ‘ಮೋಮ್‌ಬತ್ತಿ’ ಮೂರೂ ಹೆಸರಿನಲ್ಲೇ ಮೇಣವನ್ನು ಹೇಳುತ್ತವೆ. ಯಾವ ಮೇಣ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದರ ಉತ್ತರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಯುರೋಪಿನ ಬಡವರ ಮನೆಯಲ್ಲಿ ಉರಿಯುತ್ತಿದ್ದದ್ದು ದನ, ಕುರಿಗಳ ಕೊಬ್ಬು. ಬೆಳಕಿಗಿಂತ ಅದರ ಹೊಗೆ, ನಾತವೇ ಹೆಚ್ಚು. ಜೇನುಮೇಣಕ್ಕೆ ತನ್ನದೇ ಪರಿಮಳವಿತ್ತು. ಆದರೆ ಅದು ಇಗರ್ಜಿಗೆ, ಸಿರಿವಂತರಿಗೆ. ಫ್ರಾನ್ಸಿನ ಶೆವ್ರಲ್ ಕೊಬ್ಬಿನ ರಚನೆಯನ್ನು ಬಿಡಿಸಿ ನೋಡಿದ. 1825ರಲ್ಲಿ ಗೇ-ಲುಸಾಕ್ ಜೊತೆ ಪೇಟೆಂಟ್ ಪಡೆದ. ಗ್ಲಿಸರಿನ್ ಬೇರ್ಪಟ್ಟ ಮೇಲೆ ಬತ್ತಿ ಗಟ್ಟಿಯಾಯಿತು, ನಾತವೂ ತಗ್ಗಿತು. 1850ರಲ್ಲಿ ಜೇಮ್ಸ್ ಯಂಗ್ ಕಲ್ಲಿದ್ದಲಿನಿಂದ ಪ್ಯಾರಾಫಿನ್ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಹೀಗೆ ಮೇಣ ತನ್ನ ವಾಸನೆ ಕಳೆದುಕೊಂಡಿತು. ಬೇರೆ ಪರಿಮಳ ತುಂಬಲು ಜಾಗ ಸಿಕ್ಕಿದ್ದು ಆಗಲೇ.

ಸೋಯಾ ಎಣ್ಣೆ ದ್ರವ. ಅಂಥ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವ ದಾರಿಯನ್ನು 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ತೋರಿಸಿದ. 1990ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ಮೈಕೆಲ್ ರಿಚರ್ಡ್ಸ್, ದುಬಾರಿ ಜೇನುಮೇಣಕ್ಕೆ ಬದಲಿ ಹುಡುಕುತ್ತ ಸೋಯಾ ಮೇಣಕ್ಕೆ ಬಂದರು.

ಅಯೋವಾದ ಸುಮಾರು ಐದರಲ್ಲಿ ನಾಲ್ಕು ಪಾಲು ನೆಲ ಒಂದು ಕಾಲಕ್ಕೆ ಆಳೆತ್ತರದ ಹುಲ್ಲುಗಾವಲು. 19ನೆಯ ಶತಮಾನದಲ್ಲಿ ಉಕ್ಕಿನ ನೇಗಿಲು ಅದನ್ನು ಸೀಳಿತು. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಸೋಯಾ. ಮೂಲ ಹುಲ್ಲುಗಾವಲಿನಲ್ಲಿ ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ. ಇಂದು ಸೋಯಾ ಬತ್ತಿಯ ಡಬ್ಬಿಯ ಮೇಲೆ ‘ಹುಲ್ಲುಗಾವಲು’ ಎಂದು ಬರೆದಿದ್ದರೆ, ಯಾವ ಬೆಳೆ ಆ ಹುಲ್ಲಿನ ಜಾಗದಲ್ಲಿ ನಿಂತಿತೋ ಅದೇ ಬೆಳೆ ಹುಲ್ಲಿನ ಹೆಸರು ಹೊತ್ತು ಉರಿಯುತ್ತದೆ. ತಪ್ಪು ಬತ್ತಿಯದಲ್ಲ, ಸೋಯಾ ಬೆಳೆಯುವುದು ಮುಖ್ಯವಾಗಿ ಎಣ್ಣೆಗೆ, ದನ, ಕೋಳಿಗಳ ಮೇವಿಗೆ.

ನಮಗೂ ಇಂಥದ್ದೊಂದು ಹೆಸರಿದೆ. ಮೈಸೂರಿನ ಗಂಧದ ಕೊರಡು ಎಣ್ಣೆಯಾಗಲು ಜರ್ಮನಿಗೆ ಹೋಗುತ್ತಿತ್ತು. 1914ರ ಯುದ್ಧ ಆ ದಾರಿ ಮುಚ್ಚಿದ ಮೇಲೆ, 1916ರಲ್ಲಿ ಸಂಸ್ಥಾನ ತಾನೇ ಎಣ್ಣೆ ತೆಗೆಯಲು ತೊಡಗಿತು. ‘ಮೈಸೂರು ಗಂಧ’ ಜಗತ್ತಿನ ಸುಗಂಧ ವ್ಯಾಪಾರದಲ್ಲಿ ಮನೆಮಾತಾಯಿತು. ಮರವೋ, 1998ರಿಂದ ಐಯುಸಿಎನ್‌ನ ಅಪಾಯದಂಚಿನ ಪಟ್ಟಿಯಲ್ಲಿದೆ.

ನೆಲ ಬದಲಾದರೂ ಅದರ ಹೆಸರು ಡಬ್ಬಿಯ ಮೇಲೆ ಉಳಿಯುತ್ತದೆ. ಬತ್ತಿ ಕೊಳ್ಳುವಾಗ ಪರಿಮಳ ಯಾವ ಕಾಡಿನದು ಎಂದು ಓದುತ್ತೇವೆ. ಮೇಣ ಯಾವ ಹೊಲದ್ದು ಎಂದೂ ಕೇಳಬಹುದು.