ಉದ್ಯೋಗ ಸಂಬಂಧದ ಹಕ್ಕುಬಾಧ್ಯತೆಗಳು: ಭಾರತದಲ್ಲಿ ಅವುಗಳ ಇತಿಹಾಸ

ದುಡಿಯುವವನಿಗೂ ದುಡಿಸಿಕೊಳ್ಳುವವನಿಗೂ ನಡುವೆ ಕೂಲಿಯ ಮೂಲಕ ಏರ್ಪಡುವ ಸಂಬಂಧದಲ್ಲಿ ಒಬ್ಬನ ಹಕ್ಕು ಇನ್ನೊಬ್ಬನ ಬಾಧ್ಯತೆಯಾಗಿರುತ್ತದೆ. ಸಕಾಲದಲ್ಲಿ ಸಂಬಳ ಪಡೆಯುವುದು ಕಾರ್ಮಿಕನ ಹಕ್ಕಾದರೆ ಸಕಾಲದಲ್ಲಿ ಬಟವಾಡೆ ಮಾಡುವುದು ಮಾಲೀಕನ ಬಾಧ್ಯತೆ. ನಿಯತವಾದ ಹೊತ್ತಿಗೆ ಬಂದು ಮನಸ್ಸಿಟ್ಟು ಕೆಲಸ ಮಾಡುವುದು ಕಾರ್ಮಿಕನ ಬಾಧ್ಯತೆಯಾದರೆ ಅಂಥ ಕೆಲಸವನ್ನು ಅಪೇಕ್ಷಿಸುವುದು ಮಾಲೀಕನ ಹಕ್ಕು. ಹೇಳುವುದಕ್ಕೆ ಸುಲಭವಾದ ಈ ಸಮತೂಕವು ನಮ್ಮ ದೇಶದ ಆಧುನಿಕ ಶಾಸನಗಳಲ್ಲಿ ನೆಲೆಗೊಳ್ಳಲು ಶತಮಾನಕ್ಕೆ ಸಮೀಪದ ಕಾಲ ಹಿಡಿಯಿತು. ಮೊದಮೊದಲು ಕರಾರಿನ ಭಾರವೆಲ್ಲ ದುಡಿಯುವವನ ಹೆಗಲ ಮೇಲೆಯೇ ಇದ್ದಿತು; ಅದರಲ್ಲಿ ನ್ಯಾಯವಾದ ಪಾಲನ್ನು ಧಣಿಯ ಹೆಗಲಿಗೂ ಏರಿಸಿದ ಬಗೆಯೇ ಈ ಇತಿಹಾಸದ ಮುಖ್ಯ ವಸ್ತು.

ಪ್ರಾಚೀನ ವ್ಯವಹಾರ: ಧರ್ಮಶಾಸ್ತ್ರಗಳು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ವೇತನವನ್ನು ಸಲ್ಲಿಸದಿರುವುದೂ ಒಂದು. ಕೌಟಿಲ್ಯನ ಅರ್ಥಶಾಸ್ತ್ರವು ಕೂಲಿಯ ಒಪ್ಪಂದ ನೆರೆಹೊರೆಯವರಿಗೆ ತಿಳಿದಿರಬೇಕೆಂದೂ, ಒಪ್ಪಂದದಲ್ಲಿ ಕೂಲಿಯನ್ನು ಗೊತ್ತುಮಾಡದಿದ್ದಲ್ಲಿ ಒಕ್ಕಲಿಗನಿಗೆ ಬೆಳೆಯಲ್ಲಿಯೂ ಗೋವಳನಿಗೆ ತುಪ್ಪದಲ್ಲಿಯೂ ಹತ್ತರಲ್ಲೊಂದು ಭಾಗ ಸಲ್ಲಬೇಕೆಂದೂ ವಿಧಿಸುತ್ತದೆ. ಕೂಲಿ ಕೊಡದ ಧಣಿಗೂ, ಕೂಲಿ ಪಡೆದು ಕೆಲಸ ಮಾಡದ ಆಳಿಗೂ ದಂಡವನ್ನು ಹೇಳುತ್ತದೆ. ಆದರೆ ಹಳ್ಳಿಗಾಡಿನಲ್ಲಿ ಬಹುಕಾಲ ನಡೆದು ಬಂದದ್ದು ಶಾಸ್ತ್ರಕ್ಕಿಂತ ಹೆಚ್ಚಾಗಿ ರೂಢಿ. ಕನ್ನಡ ನಾಡಿನಲ್ಲಿ ಕಮ್ಮಾರ, ಬಡಗಿ, ಅಗಸ ಮೊದಲಾದ ಆಯಗಾರರು ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಧಾನ್ಯವನ್ನು ಅಳೆಯಿಸಿಕೊಂಡು ಹೋಗುತ್ತಿದ್ದರು. ಆ ರೂಢಿಗೆ ಊರೇ ಸಾಕ್ಷಿಯಾಗಿದ್ದುದರಿಂದ ಅದರಲ್ಲಿ ಒಂದು ಭದ್ರತೆ ಇದ್ದದ್ದು ನಿಜ. ಸಾಲದ ಹೆಸರಿನಲ್ಲಿ ತಂದೆಯಿಂದ ಮಗನಿಗೆ ಇಳಿದುಬರುತ್ತಿದ್ದ ಜೀತವೂ ಅದೇ ಊರಿನ ಕಣ್ಣೆದುರಿಗೇ ನಡೆಯುತ್ತಿದ್ದುದೂ ಅಷ್ಟೇ ನಿಜ.

ಮುಂಗಡ ಮತ್ತು ಸೆರೆಮನೆ: ಬ್ರಿಟಿಷರ ಆಳ್ವಿಕೆಯಲ್ಲಿ ಈ ವಿಷಯವಾಗಿ ಹುಟ್ಟಿದ ಮೊದಲ ಮುಖ್ಯ ಶಾಸನಗಳಲ್ಲಿ ಒಂದು, 1859ರ 13ನೆಯ ಆಕ್ಟು. ಮುಂಗಡ ಪಡೆದ ಕುಶಲಕರ್ಮಿಯಾಗಲಿ ಕೂಲಿಯಾಗಲಿ ಕೆಲಸಕ್ಕೆ ಬಾರದೆ ಹೋದರೆ ಮ್ಯಾಜಿಸ್ಟ್ರೇಟನು ಹಣವನ್ನು ಹಿಂದಿರುಗಿಸುವಂತೆಯೋ ಕೆಲಸವನ್ನು ಮಾಡಿ ಮುಗಿಸುವಂತೆಯೋ ಆಜ್ಞಾಪಿಸಬಹುದಾಗಿತ್ತು; ಆಜ್ಞೆಯನ್ನು ಮೀರಿದವನಿಗೆ ಮೂರು ತಿಂಗಳವರೆಗಿನ ಕಠಿಣ ಸಜೆ ಕಾದಿತ್ತು. ಒಪ್ಪಿದ ಕೂಲಿಯನ್ನು ಧಣಿಯು ಕೊಡದಿದ್ದರೆ ಅವನಿಗೆ ಇದೇ ಆಕ್ಟಿನಲ್ಲಿ ಸಜೆ ಇರಲಿಲ್ಲ. ಒಂದೇ ಕರಾರನ್ನು ಆಳು ಮುರಿದರೆ ಅಪರಾಧವೆಂದೂ ಧಣಿ ಮುರಿದರೆ ಬರಿಯ ಲೇವಾದೇವಿಯ ತಕರಾರೆಂದೂ ಎಣಿಸಿದ ಈ ಶಾಸನವು ಚಹಾ ಮತ್ತು ಕಾಫಿ ತೋಟಗಳ ಮಾಲೀಕರಿಗೆ ಬಲವಾದ ಆಯುಧವಾಯಿತು. ಘಟ್ಟವನ್ನು ಹತ್ತಿ ಕಾಫಿ ಸೀಮೆಗೆ ಬರುತ್ತಿದ್ದ ಕೂಲಿಯಾಳುಗಳು ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದೇ ಹೊರಡುತ್ತಿದ್ದರು. ಓದಲಾರದ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು, ಬೇಸರಗೊಂಡು ಊರಿಗೆ ಹಿಂದಿರುಗಿದವನನ್ನು ನ್ಯಾಯಸ್ಥಾನದ ಕಟಕಟೆಗೆ ಎಳೆದು ತರಲು ಸಾಕಾಗುತ್ತಿತ್ತು. ಈ ಆಕ್ಟು ರದ್ದಾಗಲು 1925ರವರೆಗೆ ಕಾಯಬೇಕಾಯಿತು.

ಕಾರ್ಖಾನೆಯ ಹೊತ್ತು: ಹತ್ತಿಯ ಗಿರಣಿಗಳು ಬೆಳೆದಂತೆ ದುಡಿಮೆಯ ಹೊತ್ತಿನ ಪ್ರಶ್ನೆ ಎದ್ದಿತು. 1881ರ ಕಾರ್ಖಾನೆ ಶಾಸನವು ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಸೇರಿಸಬಾರದೆಂದೂ, ಏಳರಿಂದ ಹನ್ನೆರಡು ವರ್ಷದವರೆಗಿನವರನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚಾಗಿ ದುಡಿಸಬಾರದೆಂದೂ ವಿಧಿಸಿತು. ಏಳು ವರ್ಷದ ಮಗು ಒಂಬತ್ತು ಗಂಟೆ ಗಿರಣಿಯಲ್ಲಿ ನಿಲ್ಲುವುದು ಸುಧಾರಣೆಯೆನಿಸಿದ್ದ ಆ ಕಾಲದಲ್ಲಿ ಅದಕ್ಕೆ ಹಿಂದಿನ ಸ್ಥಿತಿ ಹೇಗಿದ್ದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ವಯಸ್ಕರ ವಿಷಯದಲ್ಲಿ ಶಾಸನ ಮೌನವಾಗಿತ್ತು. ಜ್ಯೋತಿಬಾ ಫುಲೆಯವರ ಒಡನಾಡಿಗಳಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸೇರಿಸಿ, ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆಯ ವಿರಾಮ, ಗಾಯಗೊಂಡವರಿಗೆ ಪರಿಹಾರ ಎಂಬ ಬೇಡಿಕೆಗಳ ಮನವಿಗೆ ಸುಮಾರು 5,500 ಮಂದಿಯ ಒಪ್ಪಿಗೆ ಪಡೆದು ಸರ್ಕಾರಕ್ಕೆ ಒಪ್ಪಿಸಿದರು. ವಾರದ ರಜೆ 1891ರ ಶಾಸನದಲ್ಲಿ ಸ್ಥಾನ ಪಡೆಯಿತು. ಬಟ್ಟೆಯ ಗಿರಣಿಗಳಲ್ಲಿ ವಯಸ್ಕ ಗಂಡಸರ ದುಡಿಮೆಗೆ ದಿನಕ್ಕೆ ಹನ್ನೆರಡು ಗಂಟೆಯ ಮಿತಿ ಬಂದುದು 1911ರಲ್ಲಿ. ವಾರದ ಮಿತಿ 1922ರಲ್ಲಿ 60 ಗಂಟೆಗೂ, 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ 54 ಗಂಟೆಗೂ, 1948ರಲ್ಲಿ 48 ಗಂಟೆಗೂ ಇಳಿಯಿತು. ಇಂದು ಯಾರೂ ಯೋಚಿಸದೆ ಅನುಭವಿಸುವ ವಾರದ ರಜೆಯ ಹಿಂದೆ ಆ ಗಿರಣಿ ಕೆಲಸಗಾರರ ಮನವಿ ಇದೆ.

ಸಂಘಟನೆಯ ಹಕ್ಕು: ಒಂಟಿ ಕಾರ್ಮಿಕನ ಅರಿಕೆಗೆ ಬೆಲೆ ಬಾರದೆಂಬ ಅರಿವು ಮೊದಲ ಮಹಾಯುದ್ಧದ ಕೊನೆಯ ವೇಳೆಗೆ ಬಲಿಯಿತು. 1918ರ ಏಪ್ರಿಲಿನಲ್ಲಿ ಬಿ. ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದರಾಸ್ ಲೇಬರ್ ಯೂನಿಯನ್ ಹುಟ್ಟಿತು. ಬಕಿಂಗ್‌ಹ್ಯಾಂ ಗಿರಣಿಯ ವಿವಾದದಲ್ಲಿ, ಕರಾರು ಮುರಿಯುವಂತೆ ಕಾರ್ಮಿಕರನ್ನು ಪ್ರೇರೇಪಿಸಿದರೆಂಬ ಆರೋಪದ ಮೇಲೆ ಮದರಾಸಿನ ಹೈಕೋರ್ಟು ಸಂಘದ ನಾಯಕರಿಗೆ ತಡೆಯಾಜ್ಞೆ ನೀಡಿದಾಗ, ಸಂಘ ಕಟ್ಟುವುದೇ ತಪ್ಪೆನಿಸುವ ಸ್ಥಿತಿ ಒದಗಿತು. ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಈ ಪ್ರಶ್ನೆಯನ್ನು ಬಿಡದೆ ಎತ್ತಿಹಿಡಿದ ಫಲವಾಗಿ 1926ರ ಕಾರ್ಮಿಕ ಸಂಘಗಳ ಶಾಸನ ಬಂದು, ನೋಂದಾಯಿತ ಸಂಘದ ನ್ಯಾಯವಾದ ಕಾರ್ಯಗಳಿಗೆ ಇಂಥ ದಾವೆಗಳಿಂದ ರಕ್ಷಣೆ ದೊರೆಯಿತು.

ಅದೇ 1918ರ ಫೆಬ್ರುವರಿಯಲ್ಲಿ ಅಹಮದಾಬಾದಿನ ಗಿರಣಿಗಳಲ್ಲಿ ಪ್ಲೇಗಿನ ಕಾಲದ ಬೋನಸ್ಸನ್ನು ನಿಲ್ಲಿಸಿದುದರಿಂದ ವಿವಾದ ಹುಟ್ಟಿತು. ಕಾರ್ಮಿಕರ ಪಕ್ಷದಲ್ಲಿ ಅನಸೂಯಾ ಸಾರಾಭಾಯಿಯವರೂ ಮಾಲೀಕರ ಪಕ್ಷದಲ್ಲಿ ಅವರ ಸೋದರರಾದ ಅಂಬಾಲಾಲರೂ ನಿಂತಿದ್ದರು. ಪ್ರತಿ ಸಂಜೆ ಸಾಬರಮತಿಯ ದಡದ ಜಾಲಿಮರದ ನೆರಳಿನಲ್ಲಿ ಗಾಂಧೀಜಿ ಕಾರ್ಮಿಕರೊಡನೆ ಸೇರುತ್ತಿದ್ದರು; ಬೇಡಿಕೆಯ ನ್ಯಾಯವನ್ನೂ ಬೇಡುವವರ ಕರ್ತವ್ಯವನ್ನೂ ವಿವರಿಸುವ ಕರಪತ್ರಗಳನ್ನು ಅಲ್ಲಿ ಓದಿ ಹೇಳಲಾಗುತ್ತಿತ್ತು. ಕೊನೆಗೆ ಗಾಂಧೀಜಿ ಉಪವಾಸ ಕೈಗೊಂಡರು; ಅದರ ಮೂರನೆಯ ದಿನ ಒಪ್ಪಂದವಾಯಿತು: ಮೊದಲ ದಿನ ಕಾರ್ಮಿಕರು ಕೇಳಿದ ಶೇಕಡ 35ರ ಏರಿಕೆ, ಎರಡನೆಯ ದಿನ ಮಾಲೀಕರು ಹೇಳಿದ ಶೇಕಡ 20, ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪಿನವರೆಗೆ ಶೇಕಡ ಇಪ್ಪತ್ತೇಳೂವರೆ. ಮಧ್ಯಸ್ಥರಾದ ಆನಂದಶಂಕರ ಧ್ರುವರು ಕೊನೆಗೆ ಶೇಕಡ 35ನ್ನೇ ಎತ್ತಿಹಿಡಿದರು. ಇಬ್ಬರ ಮಾತಿಗೂ ಒಂದೊಂದು ದಿನದ ಮನ್ನಣೆ ಕೊಟ್ಟು ಉಳಿದುದನ್ನು ಮೂರನೆಯವನ ವಿವೇಚನೆಗೆ ಬಿಟ್ಟ ಈ ಕ್ರಮದಲ್ಲಿ, ಮುಂದೆ ಶಾಸನವಾಗಿ ಬೆಳೆದ ಸಂಧಾನ ಮತ್ತು ಪಂಚಾಯಿತಿಯ ಬೀಜವನ್ನು ಕಾಣಬಹುದು. ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಗಳಲ್ಲಿ 1930ರಲ್ಲಿ ಕಾರ್ಮಿಕರು ಬೆರಳಚ್ಚು ಕೊಡಬೇಕೆಂಬ ನಿಯಮವನ್ನು ವಿರೋಧಿಸಿ ಮುಷ್ಕರ ಹೂಡಿದರು. ಹೊಟ್ಟೆಗೆ ಸಾಲುವ ಕೂಲಿಯಷ್ಟೇ ಮಾನವೂ ಉದ್ಯೋಗದ ಹಕ್ಕಿನಲ್ಲಿ ಅಡಕವಾಗಿದೆಯೆಂಬುದನ್ನು ಆ ಮುಷ್ಕರ ತೋರಿಸಿತು.

ಉಭಯಪಕ್ಷದ ಬಾಧ್ಯತೆಗಳು: 1923ರ ಪರಿಹಾರ ಶಾಸನವು ಕೆಲಸದಲ್ಲಿ ಗಾಯಗೊಂಡವನ ಹೊಣೆಯನ್ನು ಮಾಲೀಕನಿಗೆ ವಹಿಸಿತು. 1936ರ ವೇತನ ಪಾವತಿ ಶಾಸನವು ಸಾವಿರಕ್ಕಿಂತ ಕಡಮೆ ಕೆಲಸಗಾರರಿರುವಲ್ಲಿ ಮುಂದಿನ ತಿಂಗಳ ಏಳನೆಯ ದಿನದೊಳಗೆ, ಉಳಿದೆಡೆ ಹತ್ತನೆಯ ದಿನದೊಳಗೆ ಬಟವಾಡೆಯಾಗತಕ್ಕದ್ದೆಂದು ಗೊತ್ತುಪಡಿಸಿ, ಮನಬಂದಂತೆ ಜುಲ್ಮಾನೆ ಹಾಕುವುದನ್ನು ತಡೆಯಿತು. 1942ರಿಂದ 1946ರವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆಯನ್ನು ಹೊತ್ತಿದ್ದ ಡಾ. ಬಿ. ಆರ್. ಅಂಬೇಡ್ಕರರ ಕಾಲದಲ್ಲಿ ಸರ್ಕಾರ, ಮಾಲೀಕ, ಕಾರ್ಮಿಕ ಮೂವರೂ ಒಂದೆಡೆ ಕುಳಿತು ಚರ್ಚಿಸುವ ಪದ್ಧತಿ ಬೇರೂರಿತು.

1946ರ ಸ್ಥಾಯೀ ಆದೇಶಗಳ ಶಾಸನವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ನೂರು ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಸ್ಥಳಗಳಲ್ಲಿ ಪಾಳಿಯ ವೇಳೆ, ರಜೆಯ ಕ್ರಮ, ಕೆಲಸದಿಂದ ತೆಗೆಯುವ ವಿಧಾನ ಇವೆಲ್ಲವನ್ನೂ ಬರೆದು ಪ್ರಮಾಣೀಕರಿಸಿಕೊಂಡು, ಇಂಗ್ಲಿಷಿನಲ್ಲಿಯೂ ಬಹುಮಂದಿ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಬಳಿಯ ಹಲಗೆಯ ಮೇಲೆ ಪ್ರಕಟಿಸಬೇಕೆಂದು ಅದು ಕಟ್ಟುಮಾಡಿತು. ಕಾರ್ಮಿಕನ ಕರ್ತವ್ಯಗಳು ಸ್ಪಷ್ಟವಾಗಿ ನಮೂದಾದುದೂ ಆ ಹಲಗೆಯ ಮೇಲೆಯೇ: ಬೇಕೆಂದೇ ಆಜ್ಞೆ ಮೀರುವುದು, ಕಳವು, ಲಂಚ, ರಜೆಯಿಲ್ಲದೆ ಹತ್ತು ದಿನಕ್ಕೂ ಹೆಚ್ಚು ಗೈರುಹಾಜರಿ, ಪದೇ ಪದೇ ತಡವಾಗಿ ಬರುವುದು, ಸಾಮಗ್ರಿಗೆ ಉದ್ದೇಶಪೂರ್ವಕ ಹಾನಿ ಇವು ದುರ್ನಡತೆಗಳು. ಆದರೆ ಆಪಾದನೆಯನ್ನು ಬರಹದಲ್ಲಿ ತಿಳಿಸಿ, ಅವನ ಸಮಾಧಾನವನ್ನು ಕೇಳಿದ ತರುವಾಯವೇ ಶಿಕ್ಷೆ ವಿಧಿಸಬೇಕೆಂಬ ಕಟ್ಟಳೆ ಅದೇ ಹಲಗೆಯಲ್ಲಿ ಧಣಿಯ ಕೈಯನ್ನೂ ಕಟ್ಟಿತು. ಸಂಜೆ ಮೇಸ್ತ್ರಿಯ ಮುನಿಸಿಗೆ ಗುರಿಯಾದವನು ಬೆಳಗ್ಗೆ ಗೇಟಿನ ಹೊರಗೆ ನಿಲ್ಲಬೇಕಾಗಿದ್ದ ಕಾಲವನ್ನು ಬಲ್ಲವರಿಗೆ ಈ ಹಲಗೆಯ ಬೆಲೆ ತಿಳಿದೀತು.

ಸ್ವಾತಂತ್ರ್ಯಾನಂತರ: ಸ್ವಾತಂತ್ರ್ಯಕ್ಕೆ ತುಸು ಮುಂಚೆ ಬಂದ 1947ರ ಕೈಗಾರಿಕಾ ವಿವಾದಗಳ ಶಾಸನ, 1948ರ ಕನಿಷ್ಠ ವೇತನ, ಕಾರ್ಖಾನೆ ಮತ್ತು ನೌಕರರ ರಾಜ್ಯ ವಿಮಾ ಶಾಸನಗಳು, 1952ರ ಭವಿಷ್ಯನಿಧಿ ಶಾಸನ ಇವು ಹೊಸ ರಾಷ್ಟ್ರದ ಕಾರ್ಮಿಕ ನೀತಿಗೆ ಅಡಿಗಲ್ಲಾದುವು. ಸಂವಿಧಾನದ 23ನೆಯ ಅನುಚ್ಛೇದ ಬಲವಂತದ ದುಡಿಮೆಯನ್ನೂ 24ನೆಯದು ಹದಿನಾಲ್ಕು ತುಂಬದ ಮಕ್ಕಳನ್ನು ಕಾರ್ಖಾನೆ ಗಣಿಗಳಲ್ಲಿ ದುಡಿಸುವುದನ್ನೂ ನಿಷೇಧಿಸಿದುವು. ಕೈಗಾರಿಕಾ ವಿವಾದಗಳ ಶಾಸನದ 1953ರ ತಿದ್ದುಪಡಿಯಿಂದ, ಒಂದು ವರ್ಷ ಸತತವಾಗಿ ದುಡಿದವನನ್ನು ಉದ್ಯೋಗ ಕಡಿತದ ಕಾರಣದಿಂದ ಕಳುಹಿಸುವಾಗ ತಿಂಗಳ ನೋಟೀಸನ್ನೂ ಸೇವೆಯ ಪ್ರತಿವರ್ಷಕ್ಕೆ ಹದಿನೈದು ದಿನದ ಸಂಬಳವನ್ನೂ ಕೊಡಬೇಕಾಯಿತು. 1961ರ ಹೆರಿಗೆ ಸೌಲಭ್ಯ ಶಾಸನದ ರಜೆ 2017ರಲ್ಲಿ 26 ವಾರಗಳಿಗೆ ಏರಿತು. 1972ರಲ್ಲಿ ಗ್ರ್ಯಾಚ್ಯುಟಿ, 1976ರಲ್ಲಿ ಸಮಾನ ವೇತನ ಮತ್ತು ಜೀತ ವಿಮುಕ್ತಿಯ ಶಾಸನಗಳು ಬಂದುವು.

ಕೈಗಾರಿಕಾ ವಿವಾದಗಳ ಶಾಸನದಲ್ಲಿ ಬರುವ ಕೈಗಾರಿಕೆ ಎಂಬ ಶಬ್ದದ ವ್ಯಾಪ್ತಿಯನ್ನು ಕುರಿತ ಪ್ರಸಿದ್ಧ ತೀರ್ಪಿಗೆ ಕಾರಣವಾದುದು ಬೆಂಗಳೂರಿನದೇ ಮೊಕದ್ದಮೆ. ಬೆಂಗಳೂರು ನೀರು ಸರಬರಾಜು ಮಂಡಲಿಯ ನೌಕರರ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು, ಮಾಲೀಕ ಮತ್ತು ನೌಕರರ ಸಹಕಾರದಿಂದ ಸರಕನ್ನಾಗಲಿ ಸೇವೆಯನ್ನಾಗಲಿ ಕ್ರಮಬದ್ಧವಾಗಿ ಒದಗಿಸುವ ಕಾರ್ಯವೆಲ್ಲ ಲಾಭದ ಉದ್ದೇಶವಿರಲಿ ಇಲ್ಲದಿರಲಿ ಕೈಗಾರಿಕೆಯೇ ಎಂದು ಹೇಳಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರ ಈ ತೀರ್ಪಿನಿಂದ ಆಸ್ಪತ್ರೆ, ವಿದ್ಯಾಸಂಸ್ಥೆಗಳ ನೌಕರರಿಗೂ ಶಾಸನದ ಬಾಗಿಲು ತೆರೆಯಿತು. 1997ರ ವಿಶಾಖಾ ತೀರ್ಪೂ ಅದನ್ನನುಸರಿಸಿದ 2013ರ ಶಾಸನವೂ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಿಲ್ಲದ ಕಾರ್ಯಸ್ಥಳವನ್ನು ಒದಗಿಸುವ ಹೊಣೆಯನ್ನು ಮಾಲೀಕನಿಗೆ ವಹಿಸಿದುವು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ನಿರ್ಬಂಧ ಬಂದಾಗ, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಂಗಸರು ರಸ್ತೆಗಿಳಿದುದರಿಂದ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಇತ್ತೀಚಿನ ಬೆಳವಣಿಗೆ: 29 ಕೇಂದ್ರ ಶಾಸನಗಳನ್ನು ಕ್ರೋಡೀಕರಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದುವು. ಕಾರ್ಖಾನೆಯನ್ನು ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಾದ ಮಿತಿಯನ್ನು ನೂರರಿಂದ ಮುನ್ನೂರು ಕೆಲಸಗಾರರಿಗೆ ಏರಿಸಿದುದನ್ನು ಅನೇಕ ಕಾರ್ಮಿಕ ಸಂಘಗಳು ವಿರೋಧಿಸಿವೆ; ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮವೂ ಅವುಗಳಲ್ಲಿಯೇ ಇದೆ. ಮೊಬೈಲಿನ ಕರೆಯ ಮೇಲೆ ಊಟ ತಲುಪಿಸುವ, ಸವಾರಿ ಒಯ್ಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಶಾಸನ ಮಾಡಿ, ಕಂಪನಿಗಳಿಂದ ಕಲ್ಯಾಣ ಶುಲ್ಕವನ್ನು ಸಂಗ್ರಹಿಸಲು ಏರ್ಪಾಟು ಮಾಡಿತು.

ಇಷ್ಟಾದರೂ ದೇಶದ ದುಡಿಯುವ ಜನರಲ್ಲಿ ಬಹುಪಾಲು ಹೊಲ, ಮನೆಗೆಲಸ, ಕಟ್ಟಡದ ಕೆಲಸಗಳಲ್ಲಿ ಬಾಯಿಮಾತಿನ ಕರಾರಿನ ಮೇಲೆಯೇ ಬದುಕುತ್ತಿದ್ದಾರೆ. ಅವರ ಕೂಲಿಗೆ ಚೀಟಿಯಿಲ್ಲ, ಅವರ ಹಾಜರಿಗೆ ಪಟ್ಟಿಯಿಲ್ಲ. ಗಾಯವಾದರೆ ಯಾರ ಆಳೆಂದು ಕೇಳಿದವರಿಗೆ ತೋರಿಸಲು ಕೈಯಲ್ಲಿ ಒಂದು ಕಾಗದವೂ ಇಲ್ಲ. 1859ರ ಕೂಲಿಯು ಓದಲಾರದೆ ಹೆಬ್ಬೆಟ್ಟೊತ್ತಿದ ಕಾಗದ ಧಣಿಯ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು. ತನಗೆ ತಿಳಿಯುವ ಭಾಷೆಯಲ್ಲಿ ಬರೆದ, ಉಭಯರನ್ನೂ ಕಟ್ಟುವ ಕರಾರಿನ ಒಂದು ಪ್ರತಿ ಕಟ್ಟಕಡೆಯ ಕೂಲಿಯ ಮನೆಯ ಟ್ರಂಕಿನಲ್ಲಿಯೂ ಇರುವಂತಾದಂದು ಆ ಹಳೆಯ ಅನ್ಯಾಯದ ಋಣ ಪೂರ್ಣವಾಗಿ ತೀರೀತು.