ಹಿಂದಿನ ಅಚ್ಚಿನ ಹಾಡು

ಎತ್ತಿನ ಬಂಡಿಯ ಕಾಲದಲ್ಲಿ ಅಚ್ಚು ಕಿರುಗುಟ್ಟಿದರೆ ಮದ್ದು ಒಂದೇ, ಕೀಲೆಣ್ಣೆ. ಬಂಡಿಯ ಹಿಂದೆ ನೇತುಬಿದ್ದ ಎಣ್ಣೆಯ ಕೊಳವೆಯನ್ನು ಬಿಚ್ಚಿ, ಚಿಂದಿಬಟ್ಟೆಯಿಂದ ನಾಲ್ಕು ಸಲ ಸವರಿದರೆ ಗಾಲಿ ಸುಮ್ಮನಾಗುತ್ತಿತ್ತು. ಮೋಟಾರು ಗಾಡಿಗಳು ಬಂದ ಮೇಲೆ ಅಚ್ಚಿನ ಅಳು ಅಷ್ಟು ಸರಳವಾಗಿ ಉಳಿಯಲಿಲ್ಲ. ಅದೇಕೆ ಹಾಗಾಯಿತು ಎಂಬುದರ ಹಿಂದೆ ಸುಮಾರು ಎರಡು ಶತಮಾನಗಳ ಇತಿಹಾಸವಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಗ್ಯಾರೇಜು ಇಟ್ಟುಕೊಂಡಿದ್ದಾರೆ. ಅವರು ಈ ಮೇಷ್ಟರ ವಿವರಣೆಯನ್ನು ಓದಿ ನಕ್ಕರೂ ಚಿಂತೆಯಿಲ್ಲ.

ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡೂ ಒಂದೇ ಅಚ್ಚಿಗೆ ಬಿಗಿದಿದ್ದರೆ ಒಂದು ಗಾಲಿ ನೆಲವನ್ನು ಉಜ್ಜಿಕೊಂಡೇ ಸಾಗಬೇಕಾಗುತ್ತದೆ. ಇದಕ್ಕೆ ಪರಿಹಾರವಾದ ಡಿಫರೆನ್ಷಿಯಲ್ಲನ್ನು ಫ್ರಾನ್ಸಿನ ಪೆಕ್ಕರ್ ಎಂಬಾತ ೧೮೨೮ರ ವೇಳೆಗೆ ತನ್ನ ಉಗಿಬಂಡಿಗಾಗಿ ಅಳವಡಿಸಿದ. ಮುಂದೆ ಮೋಟಾರು ಕಾರುಗಳಲ್ಲಿ ಎಂಜಿನು ಮುಂಭಾಗಕ್ಕೆ ಬಂದು, ನೂಕುವ ಗಾಲಿಗಳು ಹಿಂದೆಯೇ ಉಳಿದವು. ಉದ್ದಕ್ಕೆ ಸುತ್ತುವ ದಂಡದ ಶಕ್ತಿಯನ್ನು ಅಡ್ಡಲಾಗಿರುವ ಅಚ್ಚಿಗೆ ತಿರುಗಿಸುವ ಕೆಲಸ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಗೂ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಗೂ ಬಿತ್ತು. ಆರಂಭದಲ್ಲಿ ಹಲ್ಲುಗಳು ನೇರವಾಗಿದ್ದು ಗದ್ದಲ ವಿಪರೀತವಾಗಿತ್ತು. ಅಮೆರಿಕದ ರೋಚೆಸ್ಟರ್ ನಗರದ ಗ್ಲೀಸನ್ ಕಾರ್ಖಾನೆಯವರು ೧೯೧೩ರ ಸುಮಾರಿಗೆ ಬಾಗಿದ ಹಲ್ಲುಗಳನ್ನು ಕೊರೆಯುವ ಯಂತ್ರವನ್ನು ರೂಪಿಸಿದರು. ೧೯೨೬ರ ಹೊತ್ತಿಗೆ ಪ್ಯಾಕಾರ್ಡ್ ಕಾರಿನಲ್ಲಿ ಹೈಪಾಯ್ಡ್ ಎಂಬ ಇನ್ನೂ ಸೂಕ್ಷ್ಮವಾದ ಜೋಡಣೆ ಬಂದಿತು. ಅದರಲ್ಲಿ ಪಿನಿಯನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರುವುದರಿಂದ ಕಾರಿನ ನೆಲವನ್ನೂ ತಗ್ಗಿಸಬಹುದಾಯಿತು. ಆದರೆ ಹೈಪಾಯ್ಡಿನ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಸಾಮಾನ್ಯ ಎಣ್ಣೆ ಅಲ್ಲಿ ನಿಲ್ಲದು. ಗಂಧಕ ಬೆರೆತ, ಮೂಗಿಗೆ ಅಡರುವ ಗೇರ್ ಆಯಿಲ್ಲೇ ಬೇಕು. ಕೀಲೆಣ್ಣೆಯ ಯುಗ ಅಲ್ಲಿಗೆ ಮುಗಿಯಿತು.

ನಮ್ಮ ನಾಡಿನಲ್ಲೇ ಕಾರು ತಯಾರಾಗಬೇಕೆಂದು ಹಂಬಲಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲಿಗರು. ಅದಕ್ಕಾಗಿಯೇ ೧೯೩೫ರಲ್ಲಿ ಅವರು ಯುರೋಪು, ಅಮೆರಿಕಗಳನ್ನು ಸುತ್ತಿ ಬಂದರು. ಆ ಕನಸು ಅವರ ಕೈಯಲ್ಲಿ ನನಸಾಗದಿದ್ದುದು ಬೇರೆ ಕಥೆ. ಕೊನೆಗೆ ನಮ್ಮ ರಸ್ತೆಗಳನ್ನು ಆಳಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಎರಕವಾದ ಅಂಬಾಸಡರ್. ಬಂಗಾಲದ ಉತ್ತರಪಾರಾದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೂ ಅದು ತಯಾರಾಯಿತು. ಹಿಂದಿನ ಅಚ್ಚಿನ ಹಾಡನ್ನು ನಮ್ಮ ಭಾಗದ ಜನ ಕೇಳಿ ಕಲಿತದ್ದು ಬಹುಮಟ್ಟಿಗೆ ಆ ಕಾರಿನಿಂದಲೇ.

೨೦೦೫ರ ಮಾತು. ನನ್ನಲ್ಲಿ ಕಲಿತ ಒಬ್ಬ ಹುಡುಗ ಸಾಲ ಮಾಡಿ ಹಳೆಯ ಅಂಬಾಸಡರೊಂದನ್ನು ಕೊಂಡು, ಸುತ್ತಲಿನ ಹಳ್ಳಿಗಳ ರೋಗಿಗಳನ್ನು ಸತ್ತೂರಿನ ಆಸ್ಪತ್ರೆಗೆ ಕರೆತರುವ ಬಾಡಿಗೆ ಹಿಡಿದಿದ್ದ. ಕಾರು ಹಿಂದಿನಿಂದ ಗೊಂಯ್ಯೆನ್ನತೊಡಗಿತು. ಗ್ಯಾರೇಜೊಂದರಲ್ಲಿ ಬಾನೆಟ್ಟನ್ನೂ ಎತ್ತದೆ, ಜಾಕನ್ನೂ ಹಾಕದೆ ‘ಕ್ರೌನ್-ಪಿನಿಯನ್ ಹೋಗೇತಿ, ಪೂರಾ ಸೆಟ್ ಬದಲಿಸಬೇಕು’ ಎಂದರು. ಆ ವೆಚ್ಚ ಅವನ ಮೂರು ತಿಂಗಳ ಸಾಲದ ಕಂತಿಗೆ ಸಮವಾಗಿತ್ತು. ಹುಡುಗ ಗಾಡಿ ಮಾರುವ ಯೋಚನೆಗೇ ಬಂದಿದ್ದ. ಆಗ ಅವನ ಸೋದರಮಾವ, ಲಾರಿಗಳ ಕೆಲಸ ಮಾಡಿ ಹಣ್ಣಾದ ಮಿಸ್ತ್ರಿ, ‘ಮದಲ ಕೇಳೂಣ ತಡಿಯೋ’ ಎಂದು ಪಕ್ಕದಲ್ಲಿ ಕುಳಿತ. ನಾನೂ ಹಿಂದಿನ ಸೀಟಿನಲ್ಲಿದ್ದೆ.

ರಾಯಾಪುರದಿಂದ ಸತ್ತೂರ, ನವಲೂರದವರೆಗೆ (ಪೇರಲ ಹಣ್ಣಿನ ನವಲೂರವೇ) ಮಿಸ್ತ್ರಿ ಮಾಡಿಸಿದ್ದು ಶುದ್ಧ ಪ್ರಯೋಗಶಾಲೆಯ ಪಾಠ. ಮೊದಲು ಒಂದೇ ವೇಗದಲ್ಲಿ ಓಡಿಸಿ, ಗೇರು ತೆಗೆದು ನ್ಯೂಟ್ರಲ್ಲಿನಲ್ಲಿ ಉರುಳಬಿಡಿಸಿದ. ಸದ್ದು ನಿಲ್ಲಲಿಲ್ಲ, ಅಲ್ಲಿಗೆ ಎಂಜಿನು ದೋಷಮುಕ್ತವಾಯಿತು. ಡಾಂಬರು ಬಿಟ್ಟು ಮಣ್ಣಿನ ಅಂಚಿಗೆ ಇಳಿಸಿದಾಗಲೂ ಸದ್ದಿನ ಬಣ್ಣ ಬದಲಾಗಲಿಲ್ಲ, ಟಯರಿನದಾಗಿದ್ದರೆ ಬದಲಾಗುತ್ತಿತ್ತು. ನಂತರ ಆಕ್ಸಿಲರೇಟರ್ ಒತ್ತಿಸಿದ, ಬಿಡಿಸಿದ. ಹಲ್ಲುಗಳ ಒಂದು ಮೈ ಎಳೆಯುವಾಗ ದುಡಿದರೆ, ಇನ್ನೊಂದು ಮೈ ಕಾಲು ತೆಗೆದಾಗ ದುಡಿಯುತ್ತದೆ. ಕ್ರೌನ್-ಪಿನಿಯನ್ನಿನ ದೋಷವಾದರೆ ಸಾಮಾನ್ಯವಾಗಿ ಇವೆರಡರ ನಡುವೆ ಸ್ವರ ಏರಿಳಿಯಬೇಕು. ಇಲ್ಲಿ ಒಂದೇ ಗೊರಗೊರ. ಕೊನೆಗೆ ಖಾಲಿ ರಸ್ತೆಯಲ್ಲಿ ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಎಳೆಸಿದ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಗಡೆಗೆ ವಾಲುತ್ತದೆ. ಆಗಲೇ ಸದ್ದು ಜೋರಾಯಿತು. ‘ಕ್ರೌನ್ ಅಲ್ಲೋ ತಮ್ಮಾ, ಬಲಗಡೆ ಗಾಲಿ ಬೇರಿಂಗ್’ ಎಂದ ಮಿಸ್ತ್ರಿ. ಗಾಲಿ ಬಿಚ್ಚಿದಾಗ ಬೇರಿಂಗಿನ ಓಟದ ಹಾದಿಯಲ್ಲಿ ಸಿಡುಬಿನ ಕಲೆಯಂತೆ ಗುಳಿಗಳೆದ್ದಿದ್ದವು. ಅಚ್ಚಿನ ಎಣ್ಣೆಯನ್ನೂ ಬೆರಳಲ್ಲಿ ಉಜ್ಜಿ ನೋಡಿದ. ಲೋಹದ ಬೆಳ್ಳಿಪುಡಿ ಇರಲಿಲ್ಲ. ಮರುದಿನವೇ ಗಾಡಿ ರೋಗಿಗಳನ್ನು ಹೊತ್ತು ಹೊರಟಿತು.

ಧಾರವಾಡದ ಸೀಮೆಯಲ್ಲಿ ಸ್ವರದ ಮಾತು ಬಂದರೆ ಲೆಕ್ಕ ಹಾಕದೆ ಇರಲಾದೀತೇ? ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಅಂತಹ ಕಾರಿನ ಗಾಲಿ ಸೆಕೆಂಡಿಗೆ ಹತ್ತಿರಹತ್ತಿರ ಏಳು ಸುತ್ತು ಸುತ್ತುತ್ತದೆ. ಕ್ರೌನಿನಲ್ಲಿ ನಲವತ್ತು ಹಲ್ಲುಗಳಿವೆಯೆಂದು ಇಟ್ಟುಕೊಂಡರೆ ಸೆಕೆಂಡಿಗೆ ೨೮೦ ಸಲ ಹಲ್ಲು ಹಲ್ಲಿಗೆ ತಾಗುತ್ತದೆ. ಅದು ಹಾರ್ಮೋನಿಯಮ್ಮಿನ ಕಪ್ಪು ಒಂದರ ಸಮೀಪದ ಸ್ವರ! ಹಲ್ಲಿನ ದೋಷಕ್ಕೆ ಹೀಗೆ ಶ್ರುತಿಯುಂಟು, ಬೇರಿಂಗಿಗೆ ಬರೀ ಗೊರಕೆ. ಪಂಡಿತ ಭೀಮಸೇನ ಜೋಶಿಯವರು ತಾವೇ ಕಾರು ಓಡಿಸಿಕೊಂಡು ಕಛೇರಿಗಳಿಗೆ ಹೋಗುತ್ತಿದ್ದವರು. ಅಚ್ಚಿನ ಶ್ರುತಿ ಅವರ ಕಿವಿಗೆ ಬೀಳದೆ ಇದ್ದೀತೆಂದು ನನಗನಿಸುವುದಿಲ್ಲ.

ಸದ್ದನ್ನು ಅಡಗಿಸುವ ಕಪಟವೂ ಹಳೆಯದೇ. ಹಲ್ಲು ಸವೆದ ಗೇರುಗಳ ಎಣ್ಣೆಗೆ ಮರದ ಹೊಟ್ಟು ಬೆರೆಸಿದರೆ ಗಾಡಿ ಮಾರಾಟವಾಗುವವರೆಗೆ ತೆಪ್ಪಗಿರುತ್ತದೆ. ರೋಲ್ಡ್ ಡಾಲ್ ೧೯೮೮ರಲ್ಲಿ ಬರೆದ ‘ಮಟಿಲ್ಡಾ’ದಲ್ಲಿ ಹುಡುಗಿಯ ತಂದೆ ಮಾಡುವುದೂ ಇದೇ ಕಸುಬು. ಪ್ರಾಮಾಣಿಕ ಕೆಲಸಗಾರ ಮಾಡುವುದು ಬೇರೆ: ಹಲ್ಲುಗಳಿಗೆ ಬಣ್ಣ ಸವರಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯೋ ಅಂಚಿಗೆ ಸರಿದಿದೆಯೋ ನೋಡಿ, ಕಾಗದದಷ್ಟು ತೆಳುವಾದ ಶಿಮ್ಮುಗಳನ್ನು ಸೇರಿಸುತ್ತಾನೆ, ತೆಗೆಯುತ್ತಾನೆ. ತಾಸುಗಟ್ಟಲೆಯ ತಾಳ್ಮೆಯ ಕೆಲಸವದು.

೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲೆ ಚಿತ್ರ ಬದಲಾಯಿತು. ಎಂಜಿನು ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನೇ ಎಳೆಯತೊಡಗಿತು. ಶಕ್ತಿಯನ್ನು ಲಂಬಕೋನದಲ್ಲಿ ತಿರುಗಿಸುವ ಅಗತ್ಯವೇ ಉಳಿಯಲಿಲ್ಲ. ಚಿಕ್ಕ ಕಾರುಗಳಿಂದ ಹೈಪಾಯ್ಡ್ ಮೆಲ್ಲಗೆ ಜಾರಿಹೋಗಿ ಲಾರಿ, ಬಸ್ಸು, ಜೀಪುಗಳಲ್ಲಿ ಉಳಿಯಿತು. ೨೦೧೮ರಿಂದ ಸತ್ತೂರಿನ ಮುಂದೆ ಓಡುತ್ತಿರುವ ಚಿಗರಿ ಬಸ್ಸುಗಳನ್ನೂ ಹಿಂದಿನ ಗಾಲಿಗಳೇ ನೂಕುತ್ತವೆ. ಇನ್ನು ವಿದ್ಯುತ್ ಕಾರುಗಳ ಸೋಜಿಗವೇ ಬೇರೆ. ಅವುಗಳಲ್ಲಿ ಎಂಜಿನಿನ ಗದ್ದಲವಿಲ್ಲದ ಕಾರಣ, ಹಿಂದೆ ಅದರಡಿ ಅಡಗಿರುತ್ತಿದ್ದ ಹಲ್ಲುಗಳ ಸಣ್ಣ ಗುಂಯ್ಗುಡಿಕೆ ಮತ್ತೆ ಕಿವಿಗೆ ಬೀಳುತ್ತದೆ. ಅದನ್ನು ತಗ್ಗಿಸಲು ಎಂಜಿನಿಯರುಗಳು ಇಂದಿಗೂ ಹಲ್ಲನ್ನು ಮೈಕ್ರಾನುಗಳ ಲೆಕ್ಕದಲ್ಲಿ ಉಜ್ಜುತ್ತಿದ್ದಾರೆ.