ಕಾರ್ಡಿಗೆ ಬಾರದ ಪೇಟೆ

ಬಾನುಲಿಯಲ್ಲಿ ಚಿತ್ರಗಳ ವಿಷಯ ಮಾತನಾಡಲು ಹೊರಟವನ ಪಾಡು, ಕತ್ತಲೆಯ ಕೋಣೆಯಲ್ಲಿ ಕುಳಿತು ಕೌದಿಯ ಬಣ್ಣಗಳನ್ನು ವರ್ಣಿಸುವವನ ಪಾಡಿನಂಥದು. ನನ್ನೆದುರಿಗೆ ಮೇಜಿನ ಮೇಲೆ ಒಂದು ಚಿತ್ರದ ಕಾರ್ಡಿದೆ, ನಿಮ್ಮೆದುರಿಗೆ ಇಲ್ಲ. ಆದಕಾರಣ ಮೊದಲು ಅದನ್ನು ಮಾತಿನಲ್ಲಿಯೇ ತೋರಿಸಿಬಿಡುತ್ತೇನೆ. ಉದ್ದ ಐದೂವರೆ ಅಂಗುಲ, ಅಗಲ ಮೂರೂವರೆ ಅಂಗುಲ. ಅದರ ಮೇಲೆ ಒಂದು ಅಂಗಡಿ. ಮಾಡಿಗೆ ಒಣಹುಲ್ಲು, ಕಂಬಗಳಿಗೆ ಬಿದಿರು, ಬಾಗಿಲಿನ ಎರಡೂ ಬದಿಗೆ ಕಣ್ಣರಳಿಸಿ ನಿಂತ ಮರದ ಬೊಂಬೆಗಳು. ಒಳಗಿನ ಹಲಗೆಗಳ ಮೇಲೆ ಕಪ್ಪೆಚಿಪ್ಪಿನ ಹಾರಗಳು, ಹುಲ್ಲಿನ ಲಂಗಗಳು, ದಾಸವಾಳದ ಹೂ ಅಚ್ಚಾದ ಅಂಗಿಗಳು. ಆಕಾಶ ಯಾವ ಊರಿನಲ್ಲಿಯೂ ಇರಲಾರದಷ್ಟು ನೀಲಿ. ನೋಡಿದವರು ಇದು ಯಾವುದೋ ಹವಳದ ದ್ವೀಪದ ದಂಡೆಯೆಂದೇ ತಿಳಿಯಬೇಕು. ಆದರೆ ಕಾರ್ಡನ್ನು ತಿರುವಿದರೆ ಅಲ್ಲಿ ಅಚ್ಚಾದ ವಿಳಾಸ ಅಮೆರಿಕದ ಒಳನಾಡಿನದು. ಅಲ್ಲಿಂದ ಸಮುದ್ರ ನೂರಾರು ಮೈಲು ದೂರ.

ಇಂಥ ಕಾರ್ಡುಗಳು ನನ್ನಲ್ಲಿ ನಲವತ್ತಕ್ಕೂ ಹೆಚ್ಚು ಇವೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕುಳಿತ ನಿವೃತ್ತ ಇತಿಹಾಸದ ಮಾಸ್ತರನಿಗೆ ಇವುಗಳ ಸಹವಾಸ ಹೇಗೆ ಬಂತೆಂದು ನೀವು ಕೇಳಬಹುದು. ಹುಬ್ಬಳ್ಳಿಯ ರದ್ದಿ ಅಂಗಡಿಗಳಲ್ಲಿ ಬಾದಾಮಿಯ, ವಿಜಾಪುರದ ಹಳೆಯ ಚಿತ್ರದ ಕಾರ್ಡುಗಳನ್ನು ಹೆಕ್ಕುವ ಚಟ ನನಗೆ ಮೊದಲಿನಿಂದಲೂ ಇತ್ತು. ಇಲ್ಲಿಯೇ ಎಂಜಿನಿಯರಿಂಗ್ ಓದಿ ಓಹಾಯೊ ಪ್ರಾಂತಕ್ಕೆ ಹೋದ ನೆರೆಮನೆಯ ಹುಡುಗನಿಗೆ ಈ ಚಟ ಗೊತ್ತು. ಅವನು ಅಲ್ಲಿಯ ಹಳೆಯ ಸಾಮಾನುಗಳ ಸಂತೆಯಲ್ಲಿ ಕಂಡದ್ದನ್ನು ಕಟ್ಟುಕಟ್ಟಾಗಿ ಕಳಿಸತೊಡಗಿದ. ಬೇಡವೆನ್ನಲು ನನ್ನಿಂದ ಆಗಲಿಲ್ಲ. ಸಂಗ್ರಾಹಕನ ದೌರ್ಬಲ್ಯವೇ ಅದು.

ಪಾಲಿನೇಷ್ಯವೆಂದರೆ ಪೆಸಿಫಿಕ್ ಮಹಾಸಾಗರದಲ್ಲಿ ಹವಾಯಿ, ನ್ಯೂಜಿಲೆಂಡ್, ಈಸ್ಟರ್ ದ್ವೀಪ ಎಂಬ ಮೂರು ಮೂಲೆಗಳ ನಡುವೆ ಚದುರಿದ ದ್ವೀಪಗಳ ತ್ರಿಕೋಣ. ಅದು ಅಮೆರಿಕದ ರಸ್ತೆಬದಿಯ ಅಂಗಡಿಗೆ ಬಂದ ಕಥೆ ವಿಚಿತ್ರವಾದುದು. 1933ರ ಕೊನೆಯಲ್ಲಿ ಅಲ್ಲಿಯ ಪಾನನಿಷೇಧ ರದ್ದಾಯಿತು. ಆ ಬೆನ್ನಿಗೇ ಗ್ಯಾಂಟ್ ಎಂಬೊಬ್ಬ ಅಲೆಮಾರಿ ಹಾಲಿವುಡ್ಡಿನಲ್ಲಿ ಬಿದಿರು, ಮೀನಿನ ಬಲೆ, ತೆಂಗಿನ ಚಿಪ್ಪುಗಳನ್ನು ತೂಗುಹಾಕಿ ಒಂದು ಪಾನಗೃಹ ತೆರೆದ. ಓಕ್‌ಲೆಂಡಿನಲ್ಲಿ 1934ರಲ್ಲಿ ಅಂಗಡಿ ಹಾಕಿದ ಬರ್ಜೆರಾನ್ ಎಂಬಾತ ಅದೇ ದಾರಿ ಹಿಡಿದ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ಕಿನ ದ್ವೀಪಗಳಲ್ಲಿ ಹೋರಾಡಿದ ಸಿಪಾಯಿಗಳು ಊರಿಗೆ ಮರಳಿದಾಗ, ಗುಂಡಿನ ಸದ್ದು ಮರೆತು ತೆಂಗಿನ ನೆರಳನ್ನು ಮಾತ್ರ ನೆನೆದರು. 1947ರಲ್ಲಿ ಹೆಯೆರ್ಡಾಲನ ಕಾನ್-ಟಿಕಿ ತೆಪ್ಪ ಪೆರುವಿನಿಂದ ಹೊರಟು 101 ದಿನ ತೇಲಿ ಟುವಾಮೋಟು ದ್ವೀಪಸ್ತೋಮವನ್ನು ಮುಟ್ಟಿತು. ಅದೇ ವರ್ಷ ಮಿಚೆನರ್ ಬರೆದ ದಕ್ಷಿಣ ಸಾಗರದ ಕಥೆಗಳು ಹೊರಬಂದವು. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಯಿತು. ಆ ಹೊತ್ತಿಗೆ ಊರೂರಿಗೆ ಹುಲ್ಲಿನ ಮಾಡಿನ ಭೋಜನಗೃಹಗಳು, ಅವುಗಳ ಮಗ್ಗುಲಿಗೆ ಕಾಣಿಕೆ ವಸ್ತುಗಳ ಅಂಗಡಿಗಳು. ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಈ ಕಾರ್ಡುಗಳ ಅಡಕಲು. ಉಂಡು ಎದ್ದವರು ಒಂದೊಂದು ಎತ್ತಿಕೊಂಡು ನಂಟರಿಗೆ ಬರೆಯುತ್ತಿದ್ದರು. ಅಂಚೆಯ ಖರ್ಚು ಗಿರಾಕಿಯದು, ಪ್ರಚಾರ ಅಂಗಡಿಯದು.

ಟಿಕಿ ಎಂಬುದು ನ್ಯೂಜಿಲೆಂಡಿನ ಮಾವೊರಿ ಜನರ ಮಾತು. ಅವರ ಪುರಾಣಗಳಲ್ಲಿ ಆದಿಮಾನವನ ಹೆಸರು. ಮರದಲ್ಲಿ, ಕಲ್ಲಿನಲ್ಲಿ ಕೆತ್ತಿದ ಪೂರ್ವಜನ ರೂಪ. ಅಂಗಡಿಯಲ್ಲಿ ಅದು ಪಿಂಗಾಣಿಯ ಲೋಟವಾಯಿತು, ಅವುಗಳಲ್ಲಿ ಎಷ್ಟೋ ಜಪಾನಿನಲ್ಲಿ ಎರಕವಾದವು. ನಮ್ಮ ಬನಶಂಕರಿಯ ಮುಖವನ್ನು ಯಾರೋ ಪರದೇಶದಲ್ಲಿ ಚಹದ ಕಪ್ಪಿಗೆ ಒತ್ತಿ ಮಾರಿದರೆ ನಮಗೆ ಹೇಗಾದೀತು! ಮಾರುವವರಿಗೆ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಅವರಿಗೆ ದ್ವೀಪದವರು ಯಾರೂ ಗೊತ್ತಿರಲಿಲ್ಲ, ಅಷ್ಟೇ. ಆದರೆ ಕಾನ್-ಟಿಕಿ ಮುಟ್ಟಿದ ಅದೇ ಟುವಾಮೋಟು ಸ್ತೋಮದ ಮೊರುರೋವಾದಲ್ಲಿ ಫ್ರಾನ್ಸು 1966ರಿಂದ ಪರಮಾಣು ಸ್ಫೋಟಗಳನ್ನು ನಡೆಸತೊಡಗಿತು; 1996ರ ವರೆಗೆ ಅವು ನಿಲ್ಲಲಿಲ್ಲ. ಆ ವರ್ಷಗಳ ನನ್ನ ಕಾರ್ಡುಗಳಲ್ಲಿಯೂ ಆಕಾಶ ಅಷ್ಟೇ ನೀಲಿಯಾಗಿದೆ.

ವರ್ಷ ಹೇಗೆ ತಿಳಿಯಿತು ಎನ್ನುವಿರೇನೊ. ಸಂಗ್ರಾಹಕನ ಸುಖವೆಲ್ಲ ಇರುವುದು ಅಲ್ಲಿಯೇ. ಕಾರ್ಡು ಅಚ್ಚುಹಾಕುವವರು ವರ್ಷ ಹಾಕುವುದು ಅಪರೂಪ. ಹಳತಾದ ಸರಕೆಂದು ಗಿರಾಕಿ ಬಿಟ್ಟಾನೆಂಬ ಹೆದರಿಕೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶ ಶಕವರ್ಷ 500, ಅಂದರೆ ಕ್ರಿ.ಶ. 578, ಎಂದು ಕಲ್ಲಿನಲ್ಲಿಯೇ ಬರೆಯಿಸಿಟ್ಟಿದ್ದಾನೆ. ಹದಿಮೂರು ಶತಮಾನಗಳ ತರುವಾಯ ಆ ಗುಹೆಯ ಕಾರ್ಡು ಮಾರಿದವನಿಗೆ ಅಷ್ಟು ಔದಾರ್ಯ ಬರಲಿಲ್ಲ. ಆದ್ದರಿಂದ ಬೆನ್ನನ್ನು ಪರೀಕ್ಷಿಸಬೇಕು. ಅಮೆರಿಕದ ವಿಳಾಸದಲ್ಲಿ ಐದಂಕಿಯ ಜಿಪ್ ಸಂಖ್ಯೆ ಅಚ್ಚಾಗಿದ್ದರೆ ಅದು 1963ಕ್ಕಿಂತ ಈಚಿನದು. ಕಾಗದದ ಮೈ ನಾರುಬಟ್ಟೆಯಂತೆ ಒರಟಾಗಿದ್ದರೆ ಬಹುಮಟ್ಟಿಗೆ 1930ರಿಂದ 50ರ ನಡುವಿನದು. ಕನ್ನಡಿಯಂತೆ ಮಿರುಗಿದರೆ ಆಮೇಲಿನದು.

ನಮ್ಮ ಕಡೆಗೂ ಇಂಥ ಗುರುತುಗಳಿವೆ. ಸರಕಾರದ ಕಾಲಾಣೆಯ ಬರಿಯ ಕಾರ್ಡು 1879ರಲ್ಲಿಯೇ ಬಂತು. ಚಿತ್ರದ ಕಾರ್ಡು ಬಂದದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಬಾದಾಮಿಯ ವಿಷಯದಲ್ಲಂತೂ ಊರ ಹೆಸರಿನ ಕೆಳಗಿನ ಸಾಲನ್ನು ಓದಿದರೆ ಸಾಕು. ನನ್ನಲ್ಲಿರುವ ಒಂದು ಕಾರ್ಡಿನಲ್ಲಿ ಅದು ಮುಂಬಯಿ ಇಲಾಖೆಯಲ್ಲಿದೆ, ಇನ್ನೊಂದರಲ್ಲಿ ಮುಂಬಯಿ ರಾಜ್ಯದಲ್ಲಿ. 1956ರ ನಂತರದ್ದರಲ್ಲಿ ಮೈಸೂರು ರಾಜ್ಯದಲ್ಲಿ, 1973ರ ನಂತರದ್ದರಲ್ಲಿ ಕರ್ನಾಟಕದಲ್ಲಿ. ಜಿಲ್ಲೆಯೂ ಹಾಗೆಯೇ. 1885ರ ವರೆಗೆ ಕಲಾದಗಿ, ಆಮೇಲೆ ವಿಜಾಪುರ, 1997ರಿಂದ ಬಾಗಲಕೋಟೆ. ಗುಹೆ ಇದ್ದಲ್ಲಿಯೇ ಇದೆ. ರಾಜ್ಯಗಳು ಮಾತ್ರ ಅದರ ಮುಂದಿನಿಂದ ಜಾತ್ರೆಯ ಗಾಡಿಗಳಂತೆ ಹಾದುಹೋಗಿವೆ.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಕ್ಯಾಮರಾ ತೀರ ಬೇಗನೆ ಬಂದಿತೆಂಬುದನ್ನೂ ಇಲ್ಲಿ ಹೇಳಬೇಕು. 1855ರಲ್ಲಿಯೇ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿ ಇಲ್ಲಿಯ ಗುಡಿಗಳನ್ನು ಚಿತ್ರಿಸಿದ. ಅವನೂ ಪಿಗೌ, ನೀಲ್ ಎಂಬ ಮತ್ತಿಬ್ಬರೂ ತೆಗೆದ ಚಿತ್ರಗಳು ಮೆಡೋಸ್ ಟೇಲರ್ ಹಾಗೂ ಫರ್ಗುಸನ್ ಬರೆದ ವಿವರಣೆಗಳೊಂದಿಗೆ 1866ರಲ್ಲಿ ದೊಡ್ಡ ಗ್ರಂಥವಾಗಿ ಬಂದವು. ಬರ್ಜೆಸ್ಸನ ವರದಿ 1874ರದು. ಕಸಿನ್ಸನ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ 1926ರದು. ಇವರೆಲ್ಲರಿಗೂ ನಾವು ಋಣಿಗಳು. ಆದರೆ ಅವರ ಕ್ಯಾಮರಾ ಗುಡಿಯ ಕಡೆಗೆ ತಿರುಗಿತು, ಗುಡಿಯ ಎದುರಿನ ಓಣಿಯ ಕಡೆಗೆ ತಿರುಗಲಿಲ್ಲ. ಕಾರ್ಡು ಮಾಡಿದವರು ಆ ದೃಷ್ಟಿಯನ್ನೇ ಮುಂದುವರಿಸಿದರು. ಮನುಷ್ಯರು ಬಂದದ್ದು ಕಂಬದ ಎತ್ತರ ತಿಳಿಯಲೆಂದು. ಗುಹೆಯ ಮೆಟ್ಟಿಲ ಮೇಲೆ ರುಮಾಲು ಸುತ್ತಿದವನೊಬ್ಬ ನನ್ನ ಮೂರು ಕಾರ್ಡುಗಳಲ್ಲಿ ಕುಳಿತಿದ್ದಾನೆ. ಅವನು ಅಳತೆಯ ಕೋಲು. 1914ರ ಯುದ್ಧದ ಮುಂಚೆ ಇಂಥ ಕಾರ್ಡುಗಳು ಎಷ್ಟೋ ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ಬಣ್ಣ ತುಂಬುವವರು ನಮ್ಮ ಊರುಗಳನ್ನು ಕಂಡವರಲ್ಲ. ನನ್ನಲ್ಲಿರುವ ಒಂದು ಗೋಳಗುಮ್ಮಟದ ಸುತ್ತ ವಿಜಾಪುರದ ಎರೆಭೂಮಿ ಹಚ್ಚನೆಯ ಹುಲ್ಲುಗಾವಲಾಗಿದೆ. ಬರಗಾಲದ ಜಿಲ್ಲೆಗೆ ಅಷ್ಟಾದರೂ ಮಳೆ ಅವರ ಕುಂಚದಿಂದ ಬಿದ್ದಿತಲ್ಲ ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತೇನೆ.

ಈಗ ಅಂಗಡಿಗೆ ಬರೋಣ. ಕಳೆದ ಬೇಸಗೆಯಲ್ಲಿ ನನ್ನ ಮನೆಗೆ ಹಳೆಯ ಪರಿಚಯದ ವರ್ತಕರೊಬ್ಬರು ಬಂದಿದ್ದರು. ಎಂಬತ್ತರ ವಯಸ್ಸು. ಮುಳುಗಡೆಯ ಮೊದಲು ಹಳೆಯ ಬಾಗಲಕೋಟೆಯ ಪೇಟೆಯಲ್ಲಿ ಅವರದು ಇಳಕಲ್ಲ ಸೀರೆ, ಗುಳೇದಗುಡ್ಡದ ಖಣಗಳ ಅಂಗಡಿ. ಮೇಜಿನ ಮೇಲೆ ಹರವಿಕೊಂಡಿದ್ದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಮಾಸ್ತರ, ಇದು ಯಾವೂರ ಪ್ಯಾಟಿರಿ?"

ಹೇಳಿದೆ.

"ಅಮೆರಿಕಾದಾಗ ಹುಲ್ಲಿನ ಛಪ್ಪರ ಯಾಕ್ರಿ? ತಗಡ ಸಿಗಲಿಲ್ಲೇನು ಅವರಿಗೆ?"

ನಾನು ಪಾಲಿನೇಷ್ಯದ ಕಥೆಯನ್ನೆಲ್ಲ ಒಪ್ಪಿಸಿದೆ. ತಾಳ್ಮೆಯಿಂದ ಕೇಳಿದರು. ನಾಲ್ವತ್ತೂ ಕಾರ್ಡು ನೋಡಿ ಮುಗಿಸಿ, ಒಪ್ಪವಾಗಿ ಜೋಡಿಸಿಟ್ಟು, ಸಹಜವಾಗಿ ಕೇಳಿದರು: "ನಮ್ಮ ಪ್ಯಾಟಿದು ಒಂದರ ಐತೇನ್ರಿ ಇದರಾಗ?"

ಇರಲಿಲ್ಲ. ಮೂವತ್ತು ವರ್ಷ ಇತಿಹಾಸ ಕಲಿಸಿದವನು ನಾನು. ಸಾವಿರಾರು ಮೈಲು ದೂರದ ಅಂಗಡಿಗಳ ಕದ, ಕಿಟಕಿ, ಬೊಂಬೆಗಳ ಲೆಕ್ಕ ನನಗೆ ಗೊತ್ತು. ನಾನು ಹುಟ್ಟಿದ ಪೇಟೆಯ ಒಂದು ಚಿತ್ರ ನನ್ನಲ್ಲಿಲ್ಲ. ಕೇಳಿದವರ ದನಿಯಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಹೊರಗಿನ ಕೇಳುಗರಿಗಾಗಿ ಎರಡು ಮಾತು ಹೇಳಬೇಕು. ಆಲಮಟ್ಟಿಯ ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್ ಬಹಾದುರ್ ಶಾಸ್ತ್ರಿಯವರ ಕೈಯಿಂದ. ಅಂದಿನಿಂದ ಮೂರು ದಶಕಗಳಿಗೂ ಮೀರಿ ಬಾಗಲಕೋಟೆ ನೀರಿನ ದಾರಿ ಕಾಯುತ್ತ ಕುಳಿತಿತು. ಈಗ ಜಲಾಶಯದ ಪೂರ್ಣ ಮಟ್ಟ 519.6 ಮೀಟರು, ಘಟಪ್ರಭೆಯ ಪಾತ್ರದಲ್ಲಿ ಹಿಮ್ಮುಖವಾಗಿ ಏರುವ ಕೃಷ್ಣೆಯ ನೀರು ಹಳೆಯ ಊರಿನ ತಗ್ಗಿನ ಭಾಗಗಳನ್ನು ನುಂಗಿದೆ. ಪರಿಹಾರ ಪಡೆದವರು ಬಾಗಿಲು, ತೊಲೆ, ಜಂತಿಗಳನ್ನು ಕಿತ್ತುಕೊಂಡು ನವನಗರದ ಸೆಕ್ಟರುಗಳಿಗೆ ಹೋದರು. ಓಣಿಗೆ ಹೆಸರಿತ್ತು, ಸೆಕ್ಟರಿಗೆ ಅಂಕಿ. ನಮ್ಮ ವಿದ್ಯಾಗಿರಿ ಹಳೆಯ ಊರಿಗೂ ಹೊಸ ಊರಿಗೂ ನಡುವೆ, ಏರಿನ ಮೇಲೆ, ಒಣಗಿಯೇ ಉಳಿಯಿತು. ಹೀಗಾಗಿ ನಾನು ಏನನ್ನೂ ಕಳೆದುಕೊಳ್ಳಲಿಲ್ಲವೆಂದು ಕಾಗದಪತ್ರಗಳು ಹೇಳುತ್ತವೆ.

ಊರು ಹೋಗುವುದು ಎಲ್ಲರಿಗೂ ಗೊತ್ತಿತ್ತು. ನನ್ನಲ್ಲಿ ಕ್ಯಾಮರಾ ಇತ್ತು. ರವಿವಾರಗಳಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹಿಡಿದು ಪಟ್ಟದಕಲ್ಲಿಗೆ ಹೋಗುತ್ತಿದ್ದೆ. ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಅದನ್ನು ಕಾಯಲು ಲೋಕವೇ ಇತ್ತು. ಬಸ್ಸಿಗೆ ಹೋಗುವ ದಾರಿಯಲ್ಲಿ ಪೇಟೆಯನ್ನು ದಾಟುತ್ತಿದ್ದೆ. ಹಿತ್ತಾಳೆ ಪಾತ್ರೆಯ ಅಂಗಡಿಗಳು, ಬಳೆಯ ಅಂಗಡಿಗಳು, ಹೋಳಿಯಲ್ಲಿ ಚಕ್ಕಡಿಗಳ ಮೇಲೆ ಬಣ್ಣದ ಪೀಪಾಯಿಗಳು ಹಾದುಹೋಗುತ್ತಿದ್ದ ಬೀದಿ. ಅಲ್ಲಿ ಚಿತ್ರ ತೆಗೆಯುವಂಥದು ಏನಿದೆಯೆಂದು ನನಗೆ ಎಂದೂ ಅನಿಸಲಿಲ್ಲ. ದಿನಾಲು ಕಾಣುವುದನ್ನು ಯಾರು ಚಿತ್ರ ತೆಗೆಯುತ್ತಾರೆ? ಕಾರ್ಡು ದಾರಿಹೋಕನಿಗಾಗಿ ಹುಟ್ಟಿದ ವಸ್ತು. ಓಹಾಯೊದ ಕೊಲಂಬಸ್ಸಿನಲ್ಲಿ 1961ರಲ್ಲಿ ಕಟ್ಟಿದ ಕಹಿಕಿ ಎಂಬ ದೋಣಿಯಾಕಾರದ ಭೋಜನಗೃಹವನ್ನು 2000ರಲ್ಲಿ ಕೆಡವಿದರು; ಅಷ್ಟರಲ್ಲಿ ಅದರ ಕಾರ್ಡುಗಳು ಮನೆಮನೆಗೆ ಹೋಗಿದ್ದವು. ಕಟ್ಟಡ ಹೋಗಿಯೂ ರೂಪ ಉಳಿಯಿತು. ಹೆಚ್ಚುಕಡಿಮೆ ಆ ವರ್ಷಗಳಲ್ಲಿಯೇ ಹೋದ ನಮ್ಮ ಪೇಟೆಗೆ ಅಂಥ ಭಾಗ್ಯವಿರಲಿಲ್ಲ. ಇಳಕಲ್ಲ ಸೀರೆ ಕೊಳ್ಳಲು ಬಂದ ಹುನಗುಂದದ ರೈತನ ಹೆಂಡತಿ ಅಂಗಡಿಯ ಕಾರ್ಡು ಬರೆದು ಯಾರಿಗೆ ಕಳಿಸಬೇಕು? ಅವಳು ಸೀರೆಯನ್ನೇ ಉಟ್ಟು ಊರಿಗೆ ಹೋಗುತ್ತಿದ್ದಳು.

ವರ್ತಕರು ಹೋದ ರಾತ್ರಿ ನಾನು ಟ್ರಂಕಿನ ತಳದವರೆಗೂ ಹುಡುಕಿದೆ. ಸಿಕ್ಕದ್ದು ಒಂದೇ. ಬನಶಂಕರಿ ಜಾತ್ರೆಗಳಲ್ಲಿ ಪರದೆ ಕಟ್ಟಿ ಭಾವಚಿತ್ರ ತೆಗೆಯುವವರನ್ನು ನೀವು ಕಂಡಿರಬಹುದು. ಅಂಥವನೊಬ್ಬ ಜಾತ್ರೆ ಮುಗಿಸಿಕೊಂಡು ಬಾಗಲಕೋಟೆಗೆ ಬಂದು ಪೇಟೆಯಲ್ಲಿ ಪರದೆ ಇಳಿಬಿಟ್ಟಾಗ ತೆಗೆಸಿದ ಚಿತ್ರ ಅದು, 1956ರ ಸುಮಾರಿನದು. ಆಗ ಕೆಲವರು ಕಾರ್ಡಿನ ಅಳತೆಯ, ಹಿಂದೆ ವಿಳಾಸದ ಗೆರೆಗಳಿರುವ ಕಾಗದದ ಮೇಲೆಯೇ ಚಿತ್ರ ಮೂಡಿಸಿ ಕೊಡುತ್ತಿದ್ದರು. ನನ್ನ ತಾಯಿ ಇಳಕಲ್ಲ ಸೀರೆಯ ತೊಪೆ ತೆನಿ ಸೆರಗು ಹೊದ್ದು ಸ್ಟೂಲಿನ ಮೇಲೆ ಕುಳಿತಿದ್ದಾಳೆ, ತೊಡೆಯ ಮೇಲೆ ನಾನು. ನಮ್ಮ ಹಿಂದಿನ ಪರದೆಯ ಮೇಲೆ ಸಮುದ್ರ, ಮರಳ ದಂಡೆ, ಬಾಗಿದ ಎರಡು ತೆಂಗಿನ ಮರ, ಒಂದು ಚಂದ್ರ! ಘಟಪ್ರಭೆಯ ಹೊರತು ಬೇರೆ ನೀರು ಕಾಣದ ನನ್ನ ತಾಯಿ ಪಾಲಿನೇಷ್ಯದಲ್ಲಿ ಕುಳಿತಿದ್ದಳು. ಅಮೆರಿಕದವರನ್ನು ನಕ್ಕದ್ದು ಸಾಕೆನಿಸಿತು.

ಪರದೆ ಬಲಗಡೆಗೆ ಒಂದು ಗೇಣು ಸಾಲದೆ ಬಂದಿದೆ. ಆ ಗೇಣಿನಲ್ಲಿ ಒಂದು ಮರದ ಕಂಬ, ಅಂಗಡಿಯ ಕಟ್ಟೆಯ ಮೂಲೆ, ಬೋರ್ಡಿನ ಕೊನೆಯ ಎರಡು ಅಕ್ಷರ.

ಮರುದಿನ ಅದನ್ನು ವರ್ತಕರ ಮನೆಗೆ ಒಯ್ದು ಭೂತಗನ್ನಡಿಯ ಸಮೇತ ಕೈಗಿತ್ತೆ. ಬಹಳ ಹೊತ್ತು ನೋಡಿದರು. "ಇದು ನಮ್ಮ ಕಂಬ ಅಲ್ರಿ, ಬಾಜೂದವರದು. ನಮ್ಮ ಕಂಬಕ್ಕ ಕಬ್ಬಿಣದ ಕೊಂಡಿ ಇತ್ತು, ಗಿರಾಕಿ ಎತ್ತು ಕಟ್ಟಾಕ." ಆಮೇಲೆ ಕಣ್ಣು ಮುಚ್ಚಿ, ಆ ಕಂಬದಿಂದ ಆರಂಭಿಸಿ ನದಿಯ ಕಡೆಗೆ ಒಂದೊಂದೇ ಅಂಗಡಿಯನ್ನು ಹೇಳತೊಡಗಿದರು. ಯಾರದು, ಏನು ಮಾರುತ್ತಿದ್ದರು, ಮೆಟ್ಟಿಲೆಷ್ಟು, ಉದ್ರಿ ಕೊಡುತ್ತಿದ್ದರೋ ಇಲ್ಲವೋ. ನಾನು ಬರೆದುಕೊಳ್ಳುತ್ತ ಹೋದೆ. ಹದಿನೇಳನೆಯ ಅಂಗಡಿಗೆ ಬಂದು ತಡೆದರು. ಅದು ಬಳೆಯದೋ, ಹಿತ್ತಾಳೆಯದೋ ನೆನಪಾಗಲೊಲ್ಲದು.

"ತಡೀರಿ ಮಾಸ್ತರ, ತಂಗೀನ ಕೇಳಿ ಹೇಳ್ತೇನಿ. ಆಕಿ ಬಳಿ ಇಟ್ಟಕೊಳ್ಳಾಕ ಹೋಗತಿದ್ಲು."

ತಂಗಿ ಇಳಕಲ್ಲಿನಲ್ಲಿದ್ದಾರೆ. ನನ್ನ ವಹಿಯಲ್ಲಿ ಆ ಸಾಲನ್ನು ಖಾಲಿ ಬಿಟ್ಟು, ಹದಿನೆಂಟನೆಯದನ್ನು ಬರೆದುಕೊಂಡಿದ್ದೇನೆ.